ಒಂಬತ್ತು ಪೆಟ್ಟಿಗೆಗಳ ಅಂಟು

ಬುಧವಾರ, ಬೆಳಿಗ್ಗೆ

ಪುಟ್ಟೀ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಈ ಕಾಗದ ಓದಿದ ಮೇಲೂ ನೀನು ಚೆನ್ನಾಗಿಯೇ ಇರುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ, ಅದಕ್ಕೇ ಆ ಮಾತನ್ನು ಮೊದಲೇ ಬರೆದುಬಿಟ್ಟೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀ. ಫೋನಿನಲ್ಲಿ ನೀನು ನನಗೆ ಒಂದು ಮಾತು ಮುಗಿಸಲು ಬಿಡುವುದಿಲ್ಲ. ನಾನು "ಹಾಗಲ್ಲ ಕಣೇ" ಅನ್ನುವಷ್ಟರಲ್ಲಿ "ಸರಿ ಅಮ್ಮ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತೀ. ಕಾಗದವಾದರೆ ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಹರಿದು ಹಾಕಬಹುದು, ಅಷ್ಟೇ. ಕೊನೆಯವರೆಗೆ ಓದಿ ಆಮೇಲೆ ಹರಿ.

ನೀನು ಕಳಿಸಿದ ಹೇಳಿಕೆಯ ಕಾಗದ ಹೋದ ವಾರ ತಲುಪಿತು. ಎರಡು ವರ್ಷ ಊರೂರು ಅಲೆದು ನಿಮ್ಮಪ್ಪನ ಗಿಟಾರ್ ಸ್ಪೀಕರ್ ಪೆಟ್ಟಿಗೆಗಳನ್ನು ಒಂದೊಂದಾಗಿ ಹುಡುಕಿದ್ದೀ. ಯಾರದೋ ಗೋದಾಮಿನ ಮೂಲೆಯಿಂದ ಒಂದು, ಯಾರೋ ತೀರಿಹೋದ ಕಲಾವಿದನ ಮನೆಯಿಂದ ಒಂದು. ಕೊನೆಗೆ ನನ್ನ ದೇವರ ದೀಪದ ಕೆಳಗಿದ್ದ ಮೂರು ಮೂಲೆಯ ಪೆಟ್ಟಿಗೆಯನ್ನೂ ವ್ಯಾನಿಗೆ ಹಾಕಿಕೊಂಡು ಹೋದೆ. ಒಂಬತ್ತೂ ಒಂದೇ ಸೂರಿನ ಕೆಳಗೆ ಸೇರಿವೆ, ಮುಂದಿನ ತಿಂಗಳು ಪ್ರದರ್ಶನ, ಗೋಡೆಯ ಮೇಲೆ ಅಪ್ಪನ ಫೋಟೋ, ಅದರ ಪಕ್ಕದಲ್ಲಿ ಚೌಕಟ್ಟು ಹಾಕಿದ ಅಮ್ಮನ ಹೇಳಿಕೆ. ನಿನ್ನ ಶ್ರಮ ದೊಡ್ಡದು, ಇಲ್ಲ ಅನ್ನುವುದಿಲ್ಲ. ಆ ಪೆಟ್ಟಿಗೆಗಳ ಪಂಡಿತ, ನಿನ್ನ ಜೊತೆ ಬಂದಿದ್ದನಲ್ಲ, ಮೂರು ಮೂಲೆಯದರ ನೆತ್ತಿಯ ಮೇಲಿನ ಎಣ್ಣೆ ಕಲೆಗೆ ಮೂಗು ಹಚ್ಚಿ, "ಇದು ಯಾವ ಕಾಲದ ಪಾಲಿಶ್?" ಅಂತ ಕೇಳಿದ. ನಾನು "ಹತ್ತೊಂಬತ್ತು ವರ್ಷದ್ದು" ಅಂದೆ. ಬರೆದುಕೊಂಡ. ಅದು ದೀಪದೆಣ್ಣೆ ಅಂತ ಅವನಿಗೆ ಹೇಳಿಬಿಡು, ಪಾಪ.

ಆ ಹೇಳಿಕೆ ಕಚೇರಿ ಭಾಷೆಯಲ್ಲಿದೆ. ನಮ್ಮ ಹಳ್ಳಿ ಶಾಲೆಯಲ್ಲಿ ಏಳನೇ ತರಗತಿವರೆಗೆ ಕಲಿಸಿದ್ದು ನಮ್ಮ ಮಾತು, ಒಂದಿಷ್ಟು ಲೆಕ್ಕ, ಬೆಳಗಿನ ಪ್ರಾರ್ಥನೆ. ಒಬ್ಬರ ಕೈಲಿ ಓದಿಸಿ ಕೇಳಿದೆ. ಒಂಬತ್ತು ಪೆಟ್ಟಿಗೆಗಳನ್ನೂ ನನ್ನ ಗಂಡ ಸ್ವಂತ ಕೈಯಿಂದ ಮಾಡಿದರಂತೆ. ಅವುಗಳ ವಿಚಿತ್ರ ಆಕಾರಗಳು ಅವರು ನಾದದ ಮೇಲೆ ನಡೆಸಿದ ಪ್ರಯೋಗವಂತೆ. ಸ್ಪೀಕರ್ ಕೂರುವ ಮುಂದಿನ ಹಲಗೆಯನ್ನು ಎರಡು ಪಕ್ಕ ಸಡಿಲ ಬಿಟ್ಟು, ಅದು ಉಸಿರಾಡುವ ಹಾಗೆ ಕೂರಿಸಿದ್ದು ಅವರು ಕಂಡುಹಿಡಿದ ಉಪಾಯವಂತೆ. ಮೊದಲಲ್ಲಿ ಒಬ್ಬ ಕೆಲಸಗಾರ ಅಂಟು ಕದ್ದು ಮಾರಿದ್ದರಿಂದ ಮೊದಲ ಪೆಟ್ಟಿಗೆ ವೇದಿಕೆಯ ಮೇಲೇ ಕೈಕೊಟ್ಟಿತಂತೆ, ಅಲ್ಲಿಂದಾಚೆ ಅವರು ಯಾರನ್ನೂ ನಂಬದೆ ಒಬ್ಬರೇ ದುಡಿದರಂತೆ.

ಇಷ್ಟರಲ್ಲಿ ನಿಜ ಒಂದೇ. ಪೆಟ್ಟಿಗೆಗಳು ಒಂಬತ್ತು.

ನಾನು ಆ ಹೇಳಿಕೆಗೆ ಸಹಿ ಹಾಕುವುದಿಲ್ಲ. ದೇವರ ಮುಂದೆ ದೀಪ ಹಚ್ಚುವ ಕೈ ಇದು. ಇದನ್ನು ಇಂಥದ್ದಕ್ಕೆ ಹಾಕಲಾರೆ. ಯಾಕೆ ಅಂತ ಕೇಳುವ ಹಕ್ಕು ನಿನಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದರು. ತಂತಿ, ಬೆಸುಗೆ, ಸ್ಪೀಕರ್, ಇದರಲ್ಲಿ ಅವರ ಕೈಗೆ ಸಾಟಿ ಇರಲಿಲ್ಲ. ಆದರೆ ಒಂದು ಹಲಗೆ ನೆಟ್ಟಗೆ ಕುಯ್ಯಿರಿ ಅಂದರೆ ಅದು ಹಾವು ಹರಿದ ಹಾಗೆ ಆಗುತ್ತಿತ್ತು. ಗಿಟಾರ್ ನುಡಿಸುವವರು ಬಂದು ಸ್ಪೀಕರಿಗೆ ಪೆಟ್ಟಿಗೆ ಬೇಕು ಅಂತ ಕೇಳತೊಡಗಿದಾಗ ನನ್ನ ತಮ್ಮನನ್ನು ಕರೆಸಿಕೊಂಡರು. ಬಡಗಿ ಕೆಲಸ ಕಲಿತು ಕೂತಿದ್ದ, ಇಪ್ಪತ್ತೆರಡು ವರ್ಷ. ನಿನಗಾಗ ನಾಲ್ಕು. ಹಿತ್ತಲ ಶೆಡ್ಡಿನಲ್ಲಿ ಅವನ ಮರದ ಪುಡಿಯ ರಾಶಿಯಲ್ಲಿ ಹೊರಳಾಡಿ ಬರುತ್ತಿದ್ದೆ, ಗರಗಸ ಮಾಮ ಅಂತ ಕರೆಯುತ್ತಿದ್ದೆ. ಆಮೇಲೆ ಆ ಹೆಸರು ಬಿಟ್ಟು ಬೇರೆ ಹೆಸರು ಹಿಡಿದೆ. ಅದನ್ನು ನಿನಗೆ ಕಲಿಸಿದ್ದು ನಾವು.

ಆಕಾರದ ಪ್ರಯೋಗ ಎಂಥದು ಕೇಳು. ಹೊಸ ಮರ ಕೊಳ್ಳಲು ನಿಮ್ಮಪ್ಪನಿಗೆ ಮನಸ್ಸಿರಲಿಲ್ಲ. ಬೀರು ಮಾಡುವ ಕಾರ್ಖಾನೆಯಿಂದ ವಾರಕ್ಕೊಮ್ಮೆ ಕುಯ್ದು ಉಳಿದ ತುಂಡುಗಳನ್ನು ಗಾಡಿಯಲ್ಲಿ ಹೇರಿಸಿಕೊಂಡು ಬರುತ್ತಿದ್ದರು. ಮೂಲೆ ಮುರಿದ ಹಲಗೆಗಳು ಬಂದ ವಾರ ಮೂರು ಮೂಲೆಯ ಪೆಟ್ಟಿಗೆ ಆಯಿತು. ಬೆರಳಗಲದ ಪಟ್ಟಿಗಳು ಬಂದ ವಾರ ಅವನ್ನೇ ಜೋಡಿಸಿ ತಮ್ಮ ಪೀಪಾಯಿ ಮಾಡಿದ. ಉದ್ದದ ತೆಳು ತುಂಡುಗಳಿಗೆ ಬಾಗಿಲೆತ್ತರದ ಕಂಬ, ಅದರಲ್ಲಿ ಎಂಟು ಪುಟ್ಟ ಸ್ಪೀಕರುಗಳು ಒಂದರ ಮೇಲೊಂದು. ಇನ್ನೊಂದರಲ್ಲಿ ಸ್ಪೀಕರು ಛಾವಣಿ ನೋಡುತ್ತಾ ಅಂಗಾತ ಮಲಗಿರುತ್ತದಲ್ಲ, ಅದರ ಮೇಲೆ ಮರದ ಬುಗುರಿ ತಲೆಕೆಳಗಾಗಿ ತೂಗುತ್ತದಲ್ಲ, ಆ ಬುಗುರಿ ಮೊದಲು ಯಾರದೋ ಮಂಚದ ಕಾಲು. ನಾನು ಒಂದು ದಿನ ಕೇಳಿದೆ, ಇದೇನೋ ಒಂದರ ಹಾಗೆ ಒಂದಿಲ್ಲ ಅಂತ. "ಅಕ್ಕ, ಮರ ಏನು ಕೇಳುತ್ತೋ ಅದನ್ನ ಮಾಡ್ತೀನಿ. ನಾನು ಕೇಳಿದ ಮರ ಅಂತೂ ಭಾವ ತರಲ್ಲ" ಅಂದ. ನಕ್ಕೆವು. ಆ ಶೆಡ್ಡಿನಲ್ಲಿ ನಾವು ತುಂಬ ನಗುತ್ತಿದ್ದೆವು, ಅದೂ ನಿನ್ನ ಕಾಗದದಲ್ಲಿಲ್ಲ.

ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಒಂಬತ್ತು ಪೆಟ್ಟಿಗೆಗಳ ಮೈ ಸಿದ್ಧವಾಗಿ ಗೋಡೆಗೆ ಒರಗಿ ನಿಂತಿದ್ದವು, ಮುಂದಿನ ಹಲಗೆಗಳೂ ಕುಯ್ದು ಸಿದ್ಧವಾಗಿದ್ದವು. ಅವನ್ನು ಕೂರಿಸುವ ಕ್ರಮ ಹೀಗೆ. ಹಲಗೆಗೆ ಮೇಲೆ, ಕೆಳಗೆ ತಮ್ಮ ತಿರುಪು ಹಾಕುತ್ತಾನೆ. ಎರಡು ಪಕ್ಕಕ್ಕೆ ತಿರುಪಿಲ್ಲ, ಒಳಗಿನಿಂದ ಉದ್ದಕ್ಕೂ ಅಂಟು ಬಳಿದು ಪಟ್ಟಿ ಒತ್ತಬೇಕು. ಬೆನ್ನು ಮುಚ್ಚಿಬಿಟ್ಟ ಪೆಟ್ಟಿಗೆಯೊಳಗೆ ಹೋಗಲು ಸ್ಪೀಕರಿನ ತೂತೊಂದೇ ದಾರಿ. ಗಂಡಸರ ತೋಳು ಅದರಲ್ಲಿ ಸಿಕ್ಕಿಕೊಳ್ಳುತ್ತಿತ್ತು. ನನ್ನದು ಬಳೆ ತೆಗೆದರೆ ಭುಜದವರೆಗೆ ಸಲೀಸಾಗಿ ಇಳಿಯುತ್ತಿತ್ತು. ಹಾಗಾಗಿ ಅಂಟು ಬಳಿಯುವ ಕೆಲಸ ನನ್ನದು. ಅಂಟಿನ ದಾಸ್ತಾನು, ಲೆಕ್ಕ ತಮ್ಮನ ಜವಾಬ್ದಾರಿ ಅಂತ ನಿಮ್ಮಪ್ಪ ಹೇಳಿದ್ದರು.

ಅಂಟು ಅಂದರೆ ಸರೇಸು. ತೊಗಲು, ಮೂಳೆ ಬೇಯಿಸಿ ಒಣಗಿಸಿದ ಕಂದು ಹಾಳೆಗಳು. ನೆನೆಹಾಕಿ, ಪಾತ್ರೆಯೊಳಗೆ ಪಾತ್ರೆ ಇಟ್ಟು ಕಾಯಿಸಬೇಕು. ಆ ವಾಸನೆ ಒಂದು ವಾರ ಉಗುರಿನಿಂದ ಹೋಗುವುದಿಲ್ಲ. ಅದೇ ಕೈಯಲ್ಲಿ ದೇವರ ಪಾತ್ರೆ ಮುಟ್ಟುವುದು ಹೇಗೆ? ನಿಮ್ಮಪ್ಪನಿಗೆ ಹೇಳಿದೆ. "ದೇವರು ಮೂಗು ಮುಚ್ಕೋತಾನೆ ಬಿಡೇ" ಅಂದರು. ಮೊದಲ ಪೆಟ್ಟಿಗೆ ಅಂಟಿಸಬೇಕಾದ ದಿನ ನನ್ನ ಉಪವಾಸ. ನಾನು ಯಾರಿಗೂ ಹೇಳದೆ ಅಡುಗೆಮನೆಯಲ್ಲಿ ಗೋಧಿಹಿಟ್ಟು ಕಾಯಿಸಿದೆ. ಪುಸ್ತಕಕ್ಕೆ ರಟ್ಟು ಹಚ್ಚುತ್ತೇವಲ್ಲ, ಅದೇ ಅಂಟು. ಒಣಗಿದ ಮೇಲೆ ಉಗುರಿನಲ್ಲಿ ಗೀರಿ ನೋಡಿದೆ, ಗಟ್ಟಿಯಾಗಿತ್ತು. ರಟ್ಟಿಗೆ ಹಿಡಿದದ್ದು ಮರಕ್ಕೆ ಹಿಡಿಯದೇ ಎಂದುಕೊಂಡೆ. ಸ್ಪೀಕರು ಒಳಗೆ ಕೂತು ಎಂಥ ನಡುಕ ನಡುಗಿಸುತ್ತದೆ ಅಂತ ನನಗೇನು ಗೊತ್ತು? ಅವರು ತಂದಿಟ್ಟಿದ್ದ ಸರೇಸಿನ ಹಾಳೆಗಳನ್ನು ಮನೆಯಲ್ಲಿಟ್ಟುಕೊಳ್ಳಲು ಮನಸ್ಸಾಗದೆ ಬೀದಿ ಕೊನೆಯ ಚರಂಡಿಗೆ ಹಾಕಿ, ಕೈತೊಳೆದು ಬಂದೆ. ಪುಣ್ಯದ ಕೆಲಸ ಮಾಡಿದೆ ಅಂತ ಅಂದು ಹಗುರಾಗಿ ಇದ್ದೆ.

ಆ ಪೆಟ್ಟಿಗೆ, ಪೀಪಾಯಿಯದು, ಹೋದದ್ದು ಜಡೆಗೆ. ಉದ್ದ ಕೂದಲು ಹೆಣೆದುಕೊಂಡಿರುತ್ತಿದ್ದ ಆ ಗಿಟಾರಿನವನನ್ನು ಎಲ್ಲರೂ ಜಡೆ ಅಂತಲೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಸಂಜೆಯ ಸಂಗೀತ ಕಾರ್ಯಕ್ರಮದಲ್ಲಿ ಮೂರನೇ ಹಾಡಿನ ಮಧ್ಯೆ ಪೆಟ್ಟಿಗೆಯೊಳಗೆ ಪಟಾರನೆ ಸದ್ದಾಗಿ ಹಲಗೆ ಪಕ್ಕ ಬಿಟ್ಟಿತಂತೆ, ಇಡೀ ಸಭೆ ನಕ್ಕಿತಂತೆ. ಮರುದಿನ ಬೆಳಿಗ್ಗೆ ನಿಮ್ಮಪ್ಪ ಅದನ್ನು ಶೆಡ್ಡಿಗೆ ಹೊತ್ತು ತಂದು ಬೆನ್ನಿನ ಹಲಗೆ ಕಿತ್ತರು. ನಾನು ಬಾಗಿಲಲ್ಲಿ ನಿಂತಿದ್ದೆ, ನೀನು ನನ್ನ ಸೊಂಟದ ಮೇಲೆ. ತಮ್ಮ ಇದ್ದ, ಪಾಲಿಶ್ ಹಾಕುವ ತಾತ ಇದ್ದ.

ಒಳಗೆ ಕಂದು ಅಂಟಿಲ್ಲ. ಬಿಳೀ ಹಕ್ಕಳೆ.

"ಸರೇಸು ಎಲ್ಲೋ ಮಾರಿದೆ?" ಅಂದರು ನಿಮ್ಮಪ್ಪ.

"ನಾನ್ಯಾಕೆ ಮಾರಲಿ ಭಾವ?"

"ಹನ್ನೆರಡು ಹಾಳೆ ತಂದಿಟ್ಟಿದ್ದೆ. ಈಗ ಎಲ್ಲಿವೆ? ಕಾಲು ಬಂದು ನಡ್ಕೊಂಡು ಹೋದ್ವಾ? ಅನ್ನ ಹಾಕಿದ ಮನೆಗೆ ಹಿಟ್ಟು ಬಳಿದು ಹೋಗ್ತೀಯಲ್ಲೋ!"

ತಾತ ನಡುವೆ ಬಾಯಿ ಹಾಕಿದ. "ಹುಡುಗ ಅಂಥೋನಲ್ಲ ಮೇಷ್ಟ್ರೇ, ಇನ್ನೊಂದ್ಸಲ ಹುಡುಕಿ ನೋಡಿ" ಅಂದ. ನಿಮ್ಮಪ್ಪ ಅವನಿಗೂ ಬೈದರು.

ತಮ್ಮ ಒಂದು ಹಕ್ಕಳೆ ಕಿತ್ತು ನಾಲಿಗೆಯ ತುದಿಗೆ ಹಚ್ಚಿ ನೋಡಿದ. ಆಮೇಲೆ ಎಲ್ಲರ ಮುಖ ನೋಡಿದ. ನಿಮ್ಮಪ್ಪನ ಮುಖ, ತಾತನ ಮುಖ, ನಿನ್ನ ಮುಖ ಕೂಡ. ನನ್ನದೊಂದನ್ನು ಬಿಟ್ಟು. ಅವನಿಗೆ ತಿಳಿಯಿತೋ ಇಲ್ಲವೋ ನಾನು ಇಂದಿಗೂ ಹೇಳಲಾರೆ. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಬೆಂಚಿನ ಮೇಲಿಟ್ಟು ಹೊರಗೆ ನಡೆದ. ನನ್ನನ್ನು ದಾಟುವಾಗ ನಿನ್ನ ಕಾಲಿಗೆ ಅಂಟಿದ್ದ ಮರದ ಪುಡಿ ಒರೆಸಿ ಹೋದ. ಅವನ ಉಳಿ, ಮರ ಹೆರೆಯುವ ತೋಪಡ, ಗರಗಸ ಎಲ್ಲ ಇಲ್ಲೇ ಉಳಿದವು. ಕದ್ದ ಮಾಲಿಗೆ ಸರಿಹೋಯಿತು ಅಂದರು ನಿಮ್ಮಪ್ಪ.

ನಾನು ಆಗ ಯಾಕೆ ಬಾಯಿ ಬಿಡಲಿಲ್ಲ? ಇಪ್ಪತ್ತನಾಲ್ಕು ವರ್ಷದಿಂದ ಬೆಳಿಗ್ಗೆ ಎದ್ದು ಕೇಳಿಕೊಳ್ಳುತ್ತೇನೆ. ಭಯ ಅಂತ ಹೇಳಿದರೆ ನೀನು ನಂಬುತ್ತೀ. ನಿಮ್ಮಪ್ಪನ ಸಿಟ್ಟು ನಿನಗೂ ಗೊತ್ತಿರುವುದೇ. ಮೊದಲ ದಿನದ್ದು ಭಯವೇ. ಎರಡನೆಯ ದಿನ ಹೇಳೋಣ ಅಂತಿದ್ದೆ.

ನಾಲ್ಕನೆಯ ದಿನ ಜಡೆ ಬಂದ. ಜಗಳಕ್ಕೆ ಬಂದ ಅಂತ ನಿಮ್ಮಪ್ಪ ಮೊದಲೇ ತಪ್ಪಾಯಿತು ಅಂದರು. ಅವನು ಕೈ ಅಡ್ಡ ಹಿಡಿದು, "ಅಯ್ಯೋ ಮೇಷ್ಟ್ರೇ, ಅದನ್ನ ಮುಟ್ಟಬೇಡಿ! ಅದು ಪಕ್ಕ ಬಿಟ್ಟ ಮೇಲೆ ಬಂದ ದನಿ ಇದ್ಯಲ್ಲ, ಅದು ನನಗೆ ಬೇಕು. ನಾಲ್ಕು ದಿನದಿಂದ ನಿದ್ದೆ ಇಲ್ಲ" ಅಂದ. ಅಲ್ಲೇ ಬೆನ್ನು ಮುಚ್ಚಿಸಿ, ತಂತಿ ಸಿಕ್ಕಿಸಿ ನುಡಿಸಿದ. ನನಗೆ ಗಿಟಾರ್ ಯಾವತ್ತೂ ಒಗ್ಗಲಿಲ್ಲ, ಅದು ನಿನಗೆ ಗೊತ್ತು. ಆದರೆ ಅವತ್ತಿನದು ಕಿವಿಗೆ ಬೇರೆಯಾಗಿತ್ತು. ಕುದಿಯುವ ಮೊದಲು ಪಾತ್ರೆಯ ನೀರು ಒಂದು ಹಾಡು ಹೇಳುತ್ತದಲ್ಲ, ಹಾಗೆ. ಮೇಲೆ ಕೆಳಗೆ ಹಿಡಿದು, ಎರಡು ಪಕ್ಕ ಬಿಟ್ಟಿದ್ದರಿಂದ ಹಲಗೆ ನಡುವೆ ಎದೆಯ ಹಾಗೆ ಏರಿಳಿಯುತ್ತಿತ್ತು. ಇನ್ನೂ ಅಂಥದೇ ಮಾಡಿ, ನನ್ನ ಗೆಳೆಯರಿಗೆಲ್ಲ ಹೇಳುತ್ತೇನೆ ಅಂದು ಹೋದ.

ನಿಮ್ಮಪ್ಪ ನೆಟ್ಟಗೆ ಅಡುಗೆಮನೆಗೆ ಬಂದರು. ಒಲೆಯ ಪಕ್ಕ ಆ ಹಿಟ್ಟಿನ ಬಟ್ಟಲು, ಅದರಲ್ಲಿ ಒಣಗಿ ನಿಂತ ಬ್ರಷ್. ನಾನು ತೊಳೆದಿಟ್ಟಿರಲಿಲ್ಲ. ಯಾಕೆ ತೊಳೆಯಲಿಲ್ಲವೋ! ಸಿಕ್ಕಿಬೀಳಲಿ ಅಂತಲೇ ಇತ್ತೇನೋ.

"ಇದು ನೀನಾ?" ಅಂದರು.

"ಹೂಂ ರೀ. ನಾನೇ. ತಮ್ಮನ್ನ ಕರೆಸ್ರಿ."

"ಕರೆಸಿ ಏನು ಹೇಳ್ಲಿ? ಕಳ್ಳ ನೀನಲ್ಲಪ್ಪ, ನಿಮ್ಮಕ್ಕ ಅಂತ್ಲಾ?"

"ಹೂಂ, ಹಾಗೇ ಹೇಳಿ."

"ಹೇಳಿದ ಮೇಲೆ ಅವನು ಸುಮ್ನಿರ್ತಾನಾ? ಮೈ ಅವನು ಮಾಡಿದ್ದು, ಅಂಟು ನೀನು ಹಾಕಿದ್ದು, ಹಾಗಾದ್ರೆ ನಾನು ಯಾರು ಈ ಮನೇಲಿ? ವಾಚ್‌ಮನ್ನಾ?" ಅಂದರು. ಆಮೇಲೆ ತುಂಬ ತಗ್ಗಿದ ದನಿಯಲ್ಲಿ, "ಇನ್ನೂ ಎಂಟು ಇದೆ. ಹಾಗೇ ಅಂಟಿಸು. ಬಾಯಿ ಮುಚ್ಕೊಂಡಿರು" ಅಂದರು.

ಅಂಟಿಸಿದೆ ಪುಟ್ಟಿ. ಎಂಟನ್ನೂ ಅಂಟಿಸಿದೆ. ಅದನ್ನು ಹೇಗೆ ಬರೆಯಲಿ? ಮದುವೆಯಾಗಿ ಆರು ವರ್ಷದಲ್ಲಿ ನಿಮ್ಮಪ್ಪ ನನ್ನ ಪಕ್ಕದಲ್ಲಿ ಕೂತಿರಲಿಲ್ಲ. ಆ ವರ್ಷ ಕೂತರು. ನಾನು ತೂತಿನೊಳಗೆ ತೋಳು ಇಳಿಬಿಟ್ಟಾಗ ದೀಪ ಹಿಡಿಯುತ್ತಿದ್ದರು. "ಇನ್ನೊಂದು ಚೂರು ಎಡಕ್ಕೆ. ಸಾಕು. ಭೇಷ್" ಅನ್ನುತ್ತಿದ್ದರು. ನನಗೆ ಯಾರೂ ಭೇಷ್ ಅಂದವರಿರಲಿಲ್ಲ. ನನಗೆ ಅದು ಬೇಕಾಗಿತ್ತು. ತಮ್ಮ ಬೀದಿಯಲ್ಲಿದ್ದಾನೆ ಅಂತ ಗೊತ್ತಿದ್ದೂ ಬೇಕಾಗಿತ್ತು. ಭಯ ನಾಲ್ಕು ದಿನದ್ದು, ಉಳಿದದ್ದು ಇದು.

ಎಂಟೂ ಹೋದವು. ಮೂರು ಮೂಲೆಯದೊಂದು ಕೆಲವು ವರ್ಷ ಯಾರದೋ ಕೈಯಲ್ಲಿದ್ದು ವಾಪಸು ಬಂತು, ಅದನ್ನೇ ನಾನು ದೀಪಕ್ಕೆ ಇಟ್ಟುಕೊಂಡೆ. ನಿಮ್ಮಪ್ಪನಿಗೆ ಹೆಸರು ಬಂತು. ಹತ್ತನೆಯದಕ್ಕೆ ಬೇರೆ ಬಡಗಿಯನ್ನು ಹಿಡಿದರು, ನಾನು ಅದೇ ಹಿಟ್ಟು ಕಾಯಿಸಿ ಅಂಟಿಸಿದೆ. ಬರಲಿಲ್ಲ. ದನಿ ತಗಡಿನದು. ಇನ್ನೊಬ್ಬ ಬಡಗಿ, ಇನ್ನೊಂದು ಪೆಟ್ಟಿಗೆ, ಅದೂ ತಗಡು. ತಮ್ಮ ಹಲಗೆಯ ಅಂಚನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ಎಷ್ಟು ತೋಪಡ ಹೊಡೆಯುತ್ತಿದ್ದ ಅಂತ ಯಾರಿಗೂ ಗೊತ್ತಿರಲಿಲ್ಲ. ಅವನೊಬ್ಬನನ್ನು ಕರೆದಿದ್ದರೆ ಸಾಕಿತ್ತು. ಕರೆಯುವ ಬದಲು ನಿಮ್ಮಪ್ಪ ಆ ಎರಡನ್ನೂ ಒಡೆದು ಒಲೆಗೆ ಹಾಕಿ, ಬಂದವರಿಗೆಲ್ಲ "ನಾನು ಒಂಬತ್ತೇ ಮಾಡಿದ್ದು, ಇನ್ನು ಮಾಡಲ್ಲ" ಅಂತ ಗತ್ತಿನಲ್ಲಿ ಹೇಳತೊಡಗಿದರು. ನಿನ್ನ ಪಂಡಿತ ಅಪರೂಪ, ಅಪರೂಪ ಅಂತ ತಲೆದೂಗುತ್ತಾನಲ್ಲ, ಆ ಅಪರೂಪ ಇಷ್ಟೇ. ಒಬ್ಬನ ಹತ್ತಿರ ತಪ್ಪಾಯಿತು ಅನ್ನಲು ಆಗದೆ ನಿಂತುಹೋದ ಕೆಲಸ.

ನಿನ್ನ ಮಾಮ ಆಮೇಲೆ ಮರದ ಕೆಲಸಕ್ಕೆ ಎಲ್ಲೂ ಸೇರಲಿಲ್ಲ. ಸೇರಿಸಿಕೊಳ್ಳಲಿಲ್ಲ ಅನ್ನು. ಕದ್ದವನು ಅನ್ನುವ ಮಾತು ಅವನಿಗಿಂತ ಮೊದಲು ಪ್ರತಿ ಶೆಡ್ಡಿಗೂ ಹೋಗಿ ಕೂತಿರುತ್ತಿತ್ತು. ಸಾಮಾನು ಸಾಗಿಸುವ ಗೋದಾಮಿನಲ್ಲಿ ಹಸಿ ಹಲಗೆಯ ಡಬ್ಬಗಳಿಗೆ ಮೊಳೆ ಹೊಡೆಯುತ್ತಾನೆ. ತೆರೆದ ಮೇಲೆ ಒಡೆದು ಎಸೆಯುವ ಡಬ್ಬಗಳು. ಅವನಿಗೆ ಹೆಣ್ಣು ಕೊಡಲು ಒಬ್ಬರು ಬಂದಿದ್ದರು, ನಮ್ಮ ಮನೆಗೇ ವಿಚಾರಿಸಲು ಬಂದರು. ನಿಮ್ಮಪ್ಪ ಏನು ಹೇಳಿರಬಹುದು ಅಂತ ನೀನೇ ಊಹಿಸು. ನಾನು ಅವರಿಗೆ ನೀರು ಕೊಟ್ಟು ಒಳಗೆ ಹೋದೆ. ನಿಮ್ಮಪ್ಪ ಹೋದ ದಿನ ಹೆಗಲು ಕೊಟ್ಟವರಲ್ಲಿ ಅವನೂ ಇದ್ದ. ನೀನು ಮುಖ ತಿರುಗಿಸಿ ನಿಂತೆ, ನಾನು ನೋಡಿದೆ. ನಿನ್ನದೇನೂ ತಪ್ಪಿಲ್ಲ. ಚಿಕ್ಕವಳಿದ್ದಾಗ ಅವನನ್ನು ಬೀದಿಯಲ್ಲಿ ಕಂಡು "ಕಳ್ಳ ಮಾಮ ಬಂದ" ಅಂತ ಚಪ್ಪಾಳೆ ತಟ್ಟಿದ್ದೆ. ಅವತ್ತು ನಿನ್ನ ಬಾಯಿಗೆ ಒಂದು ಬಿಟ್ಟಿದ್ದರೆ ಸಾಕಿತ್ತು. ನಾನು ಸೆರಗಿನಲ್ಲಿ ನಿನ್ನ ಮೂಗು ಒರೆಸಿದೆ.

ನಾನು ಉಪವಾಸ ಜಾಸ್ತಿ ಮಾಡಿದೆ. ವಾರಕ್ಕೆ ಒಂದಿದ್ದದ್ದು ಎರಡಾಯಿತು, ಎರಡಿದ್ದದ್ದು ಮೂರು. ಅಮ್ಮ ಎಷ್ಟು ಭಕ್ತೆ ಅಂತ ನೀನು ಗೆಳತಿಯರಿಗೆ ಹೇಳಿಕೊಳ್ಳುತ್ತೀ. ದೇವರಿಗೆ ಎಲ್ಲ ಹೇಳಿದ್ದೇನೆ ಪುಟ್ಟಿ, ಒಂದೂ ಮುಚ್ಚಿಟ್ಟಿಲ್ಲ. ದೇವರಿಗೆ ಹೇಳುವುದು ಸುಲಭ. ಅವನು ಎದುರು ಕೂತು ಮುಖ ನೋಡುವುದಿಲ್ಲ.

ಈಗ ನಿನ್ನ ಕೆಲಸ ಕೇಳು. ಆ ಹೇಳಿಕೆ ನಿನಗೆ ಬರುವುದಿಲ್ಲ, ದಾರಿ ಕಾಯಬೇಡ. ಹೊಸದು ಬರೆಸು. ಮೈ ಮಾಡಿದವನು ಅಂತ ನಿನ್ನ ಮಾಮನ ಹೆಸರು ಪೂರ್ತಿ ಹಾಕಿಸು, ಅಪ್ಪನ ಹೆಸರು ಎಷ್ಟು ದಪ್ಪವೋ ಅಷ್ಟೇ ದಪ್ಪಕ್ಕೆ. ತಂತಿ, ಸ್ಪೀಕರ್ ಕೆಲಸ ಅಪ್ಪನದು, ಅದು ನಿಜ, ಅದನ್ನು ಬರೆ. ಅಂಟು ಹಾಕಿದವಳು ನಾನು ಅಂತ ಬರೆ. ಕದ್ದವರು ಯಾರೂ ಇಲ್ಲ, ಚರಂಡಿಗೆ ಹಾಕಿದವಳು ಇದ್ದಾಳೆ ಅಂತಲೂ ಬರೆ. ಹಾಗೆ ಬರೆಯಲು ನಿನಗೆ ಮನಸ್ಸಾಗದಿದ್ದರೆ ಗೋಡೆ ಖಾಲಿ ಬಿಡು. ಖಾಲಿ ಗೋಡೆ ಯಾರ ಮೇಲೂ ಕೆಸರು ಎರಚುವುದಿಲ್ಲ. ಅಪ್ಪನನ್ನು ನಾನು ಹೀಗೆ ಕೆಳಗಿಳಿಸಿದೆನಲ್ಲ ಅಂತ ನೀನು ಅಳುತ್ತೀ, ಗೊತ್ತು. ಅವರು ನಿನ್ನನ್ನು ತುಂಬ ಪ್ರೀತಿಸಿದರು, ಅದರಲ್ಲಿ ಮೋಸವಿರಲಿಲ್ಲ, ಅದನ್ನು ಇಟ್ಟುಕೋ. ಆದರೆ ನಾವಿಬ್ಬರೂ ಸೇರಿ ಒಬ್ಬನ ಕೈ ಕುಯ್ದೆವು. ಅವರು ಗರಗಸ ಹಿಡಿದರು, ನಾನು ಹಲಗೆ ಅಲುಗಾಡದಂತೆ ಹಿಡಿದುಕೊಂಡೆ.

ಇನ್ನು ಬರೆಯಲಾರೆ. ಊಟ ಹೊತ್ತಿಗೆ ಸರಿಯಾಗಿ ಮಾಡು.

ಇಷ್ಟಾದರೂ ನಿನ್ನ
ಅಮ್ಮ

ಬಿಟ್ಟುಹೋದ ಮಾತು: ಬರೆದದ್ದನ್ನು ಅಂಟಿಸುವ ಮೊದಲು ಒಮ್ಮೆ ಓದಿದೆ. ಸಹಿ ಹಾಕುವುದಿಲ್ಲ ಅಂತ ದೊಡ್ಡದಾಗಿ ಬರೆದಿದ್ದೇನೆ. ಹಾಕಿಯಾಗಿದೆ ಪುಟ್ಟಿ. ಕಾಗದ ಬಂದ ದಿನವೇ, ಸ್ನಾನ ಮಾಡಿ, ದೀಪ ಹಚ್ಚಿ ಹಾಕಿದೆ. "ಅಪ್ಪನ ಕಥೆ ಅಷ್ಟೇ ಅಮ್ಮ" ಅಂತ ನೀನು ಫೋನಿನಲ್ಲಿ ಅಂದಿದ್ದೆ, ಏನು ಕಥೆ ಅಂತ ನಾನು ಕೇಳಲಿಲ್ಲ. ಕೇಳದೇ ಇರುವುದು ನನಗೆ ಅಭ್ಯಾಸ. ಕೆಳಗೆ ಸಾಕ್ಷಿಯ ಸಹಿ ಬೇಕು, ಮನೆಯವರೇ ಆಗಬೇಕು ಅಂದಿದ್ದೆಯಲ್ಲ, ನನಗೆ ಮನೆಯವರು ಅಂತ ಇನ್ನು ಯಾರಿದ್ದಾರೆ? ಸೈಕಲ್ ಅಂಗಡಿಯ ಮೇಲಿನ ನಿನ್ನ ಮಾಮನ ಕೋಣೆಗೆ ತೆಗೆದುಕೊಂಡು ಹೋದೆ. ಮೇಜು ಒರೆಸಿ, ದಾರ ಕಟ್ಟಿದ ಕನ್ನಡಕ ಹಾಕಿಕೊಂಡ. ಗೋದಾಮಿನ ಚೀಟಿ ಓದಿ ಓದಿ ಕಚೇರಿ ಭಾಷೆ ಕಲಿತಿದ್ದಾನೆ. "ಸಹಿ ಹಾಕೋಕೆ ಮುಂಚೆ ಏನಿದೆ ಅಂತ ತಿಳ್ಕೋಬೇಕು ಅಕ್ಕ" ಅಂತ ಒಂದೊಂದೇ ಸಾಲು ನಮ್ಮ ಮಾತಿಗೆ ತಿರುಗಿಸಿ ನನಗೆ ಹೇಳಿದ. ಅಂಟು ಕದ್ದವನ ಸಾಲನ್ನೂ ಅದೇ ದನಿಯಲ್ಲಿ ಹೇಳಿದ, ಎಲ್ಲೂ ನಿಲ್ಲಲಿಲ್ಲ. ನಾನು ಬಾಯಿ ತೆರೆದೆ. ದೇವರಾಣೆ ತೆರೆದೆ. ಒಂದು ಲೋಟ ನೀರು ಕೊಡು ಅಂದೆ. ಕೊಟ್ಟ. ನಾನು ಕುಡಿದು ಮುಗಿಸುವಷ್ಟರಲ್ಲಿ ಅವನು ಸಹಿ ಹಾಕಿದ್ದ. ಇವತ್ತಿಗೂ ಅವನಿಗೆ ಹೇಳಿಲ್ಲ. ಮೊದಲು ಹೇಳಿದ್ದು ನಿನಗೆ, ಅದೂ ಅವನಿಗೆ ಹೇಳಲಾಗದ್ದಕ್ಕೆ. ಆ ಕಾಗದ ನನ್ನ ಹತ್ತಿರವೇ ಇದೆ. ನನ್ನ ಸಹಿಯನ್ನು ಹರಿದು ಹಾಕಿದೆ, ಅವನ ಸಹಿಯಿರುವ ಅರ್ಧಕ್ಕೆ ಕೈ ಬರಲಿಲ್ಲ. ಅಲ್ಲಿ ಹೆಸರಿನ ಕೆಳಗೆ ಉದ್ಯೋಗ ಅಂತ ಇದೆ. "ಇಲ್ಲಿ ಏನು ಬರೀಲಿ ಅಕ್ಕ?" ಅಂತ ಕೇಳಿದ. "ಬಡಗಿ ಅಂತ ಬರಿ" ಅಂದೆ. ಅವನು ಪೆನ್ನು ಹಿಡಿದ. ಆಮೇಲೆ ಬೆರಳನ್ನು ಮೇಲಕ್ಕೆ ಒಯ್ದು ಅಂಟು ಕದ್ದವನ ಆ ಸಾಲನ್ನು ಹುಡುಕಿ, ಅದರ ಮೇಲೆ ಬೆರಳಿಟ್ಟುಕೊಂಡೇ, ಒಂದಕ್ಷರ ತಪ್ಪದ ಹಾಗೆ ನೋಡಿ ನೋಡಿ ಬರೆದ: ಕೆಲಸಗಾರ.